ಸೊಟ್ಟ ಚಿಪ್ಪು, ಶಾಲ್ಮಲೆಯ ನೀರು

ಧಾರವಾಡ, 12 ಜುಲೈ 2025, ಶನಿವಾರ

ಪ್ರಥಮ ಪಿಯುಸಿ ಮಕ್ಕಳಿಗೆ ಇಂದು ಕಂಟಕಚರ್ಮಿಗಳ, ಅಂದರೆ ಮುಳ್ಳು ಚರ್ಮದ ಕಡಲ ಪ್ರಾಣಿಗಳ, ಪ್ರಾಯೋಗಿಕ ತರಗತಿ ಇತ್ತು. ನಕ್ಷತ್ರ ಮೀನು, ಸಮುದ್ರ ಸೌತೆ ಎಲ್ಲ ಫಾರ್ಮಾಲಿನ್ ಬಾಟಲಿಯಲ್ಲಿವೆ. ಕೈಗೆ ಕೊಡಬಹುದಾದದ್ದು ಮೈತುಂಬ ಮುಳ್ಳಿರುವ ಚೆಂಡಿನಂಥ ಪ್ರಾಣಿ ಸೀ ಅರ್ಚಿನ್‌ನ ಒಣ ಚಿಪ್ಪು ಮಾತ್ರ. ಮುಳ್ಳುಗಳು ಉದುರಿಹೋಗಿ, ಅವು ಕೂತಿದ್ದ ಗುಬಟುಗಳಷ್ಟೇ ಉಳಿದಿವೆ. ಬೆಳಕಿಗೆ ಹಿಡಿದರೆ ಸೂಜಿ ತೂರುವಷ್ಟು ಸಣ್ಣ ರಂಧ್ರಗಳು ಐದು ಪಟ್ಟಿಗಳಾಗಿ ತಳದ ಬಾಯಿಯಿಂದ ನೆತ್ತಿಯವರೆಗೆ ಏರುವುದು ಕಾಣುತ್ತದೆ. ಪ್ರಾಣಿ ಬದುಕಿದ್ದಾಗ ಅದರ ಕೊಳವೆ ಪಾದಗಳು ಹೊರಚಾಚುತ್ತಿದ್ದದ್ದು ಈ ದಾರಿಯಿಂದಲೇ.

ಒಬ್ಬ ಹುಡುಗಿ ತನ್ನ ಪಾಲಿನ ಚಿಪ್ಪನ್ನು ಮೇಜಿನ ಮೇಲಿಟ್ಟಳು. ಅದು ವಾಲಿತು. ತಿರುಗಿಸಿ ಇಟ್ಟರೂ ಚಿಪ್ಪಿನ ಅದೇ ಬದಿಗೆ ವಾಲಿತು. “ಮೇಡಂ, ಇದು ಸೊಟ್ಟಗಿದೆ. ಸಮುದ್ರ ಕೆಟ್ಟಿದ್ದಕ್ಕೆ ಹೀಗಾಗಿದೆಯೇ?” ಎಂದಳು. ಎತ್ತಿ ನೋಡಿದೆ. ಎರಡು ಪಟ್ಟಿಗಳ ನಡುವಿನ ಜಾಗ ಕಿರಿದಾಗಿ ಚಿಪ್ಪನ್ನು ಕಟ್ಟಿರುವ ಅಲ್ಲಿನ ಸುಣ್ಣದ ಫಲಕಗಳು ಒತ್ತೊತ್ತಾಗಿವೆ, ಎದುರು ಬದಿ ಉಬ್ಬಿದೆ, ನೆತ್ತಿಯ ರಂಧ್ರ ಪಕ್ಕಕ್ಕೆ ಸರಿದಿದೆ.

ಈ ಒಂದು ಚಿಪ್ಪಿನಿಂದ ಏನೂ ಹೇಳಲಾಗದು ಎಂದೆ. ಅವಳ ಮುಖ ಸಪ್ಪಗಾಯಿತು. ಆದರೆ ಅವಳ ಪ್ರಶ್ನೆ ಅಷ್ಟಕ್ಕೇ ಬಿಡುವಂಥದ್ದಲ್ಲ. ಉಳಿದ ಹೊತ್ತೆಲ್ಲ ಅದನ್ನೇ ಮಾತಾಡಿದೆವು.

ಅರ್ಚಿನ್ ಬೆಳೆಯುವಾಗ ನೆತ್ತಿಯ ಸುತ್ತ ಹೊಸ ಫಲಕಗಳು ಹುಟ್ಟುತ್ತವೆ, ಹಳೆಯವು ಅಂಚಿನಲ್ಲಿ ಬೆಳೆಯುತ್ತಾ ಕೆಳಗೆ ಸರಿಯುತ್ತವೆ. ಎಳೆಯದಾಗಿದ್ದಾಗ ಮೀನೋ ಏಡಿಯೋ ಕಚ್ಚಿದ್ದರೆ, ಪರೋಪಜೀವಿ ಹೊಕ್ಕಿದ್ದರೆ, ಬಂಡೆಯ ಬಿರುಕಿನಲ್ಲಿ ಸಿಕ್ಕು ಬೆಳೆದಿದ್ದರೆ ಆ ಕಟ್ಟಡ ಓರೆಯಾಗುತ್ತದೆ. ಐದರ ಬದಲು ನಾಲ್ಕೋ ಆರೋ ಪಟ್ಟಿಗಳಿರುವ ಅರ್ಚಿನ್‌ಗಳು ಶುದ್ಧ ನೀರಿನಲ್ಲೂ ಅಪರೂಪಕ್ಕೆ ಸಿಗುತ್ತವೆ. ಮಾಲಿನ್ಯವೂ ಒಂದು ಕಾರಣ ನಿಜ. ಕೆಂಪು ಸಮುದ್ರದ ಏಲಾತ್ ಬಳಿ ಟ್ರಿಪ್ನೂಸ್ಟಿಸ್ ಜಾತಿಯ ಅರ್ಚಿನ್‌ಗಳು ಮಾಲಿನ್ಯದಿಂದ ವಿಕಾರವಾಗಿ ಬೆಳೆದದ್ದು 1980ರಲ್ಲೇ ವರದಿಯಾಗಿದೆ. ಆದರೆ ಹಾಗೆನ್ನಲು ಒಂದೇ ಜಾಗದ ಹತ್ತಾರು ಚಿಪ್ಪು ಬೇಕು, ಮಾಲಿನ್ಯವಿಲ್ಲದ ತೀರದಿಂದಲೂ ಅಷ್ಟೇ ಬೇಕು, ಎರಡೂ ಕಡೆ ಸೊಟ್ಟವೆಷ್ಟು ಎಂದು ಎಣಿಸಬೇಕು. ನಮ್ಮ ಕಪಾಟಿನ ಚಿಪ್ಪಿಗೆ ಚೀಟಿಯೇ ಇಲ್ಲ. ಯಾವ ತೀರದ್ದು, ಯಾವ ವರ್ಷದ್ದು ಎಂದು ಗೊತ್ತಿಲ್ಲದ ಚಿಪ್ಪು ಎಷ್ಟೇ ಸೊಟ್ಟಗಿದ್ದರೂ ಸಾಕ್ಷಿಯಾಗದು. ಮಾದರಿಗೆ ಚೀಟಿ ಬರೆಯಿರಿ ಎಂದು ನಾನು ಬೆನ್ನು ಹತ್ತುವುದು ಇದಕ್ಕೇ.

ಚಿಪ್ಪಿಗಿಂತ ಬೇಗ, ಖಚಿತವಾಗಿ ಹೇಳುವುದು ಮರಿ. ದೊಡ್ಡ ಅರ್ಚಿನ್‌ಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಚುಚ್ಚಿದರೆ ಅದು ಮೊಟ್ಟೆಯನ್ನೋ ವೀರ್ಯವನ್ನೋ ಹೊರಬಿಡುತ್ತದೆ. ಎರಡನ್ನೂ ಸೇರಿಸಿ, ಪರೀಕ್ಷಿಸಬೇಕಾದ ನೀರಿನಲ್ಲಿ ಬಿಡುತ್ತಾರೆ. ಎರಡು–ಮೂರು ದಿನಗಳಲ್ಲಿ ಪ್ಲೂಟಿಯಸ್ ಎಂಬ ಡಿಂಭ ರೂಪುಗೊಳ್ಳುತ್ತದೆ. ಪಾರದರ್ಶಕ ಮೈ, ಚಾಚಿದ ತೋಳುಗಳು, ಒಳಗೆ ಆಧಾರಕ್ಕೆ ಸುಣ್ಣದ ಕಡ್ಡಿಗಳು. ಪಂಚಮುಖಿಯಾಗಬೇಕಾದ ಈ ಪ್ರಾಣಿ ಈ ಹಂತದಲ್ಲಿ ನಮ್ಮಂತೆಯೇ ಎಡ ಬಲ ಸಮವಾಗಿರುತ್ತದೆ. ಹಾಗಾಗಿ ಒಂದು ತೋಳು ಮೋಟಾದರೂ ಸೂಕ್ಷ್ಮದರ್ಶಕದಲ್ಲಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ತಾಮ್ರ, ಸತುವಿನಂಥ ಲೋಹಗಳು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಕಡ್ಡಿಗಳು ಅಡ್ಡಾದಿಡ್ಡಿ ಬೆಳೆಯುತ್ತವೆ, ಇಲ್ಲವೇ ಬೆಳವಣಿಗೆ ನಡುವೆಯೇ ನಿಲ್ಲುತ್ತದೆ. ನೂರರಲ್ಲಿ ಎಷ್ಟು ಡಿಂಭಗಳು ಸರಿಯಿಲ್ಲ ಎಂದು ಎಣಿಸಿ, ಶುದ್ಧ ಕಡಲ ನೀರಿನಲ್ಲಿ ಬೆಳೆದವುಗಳೊಂದಿಗೆ ಹೋಲಿಸುತ್ತಾರೆ. ನೀರಿನಲ್ಲಿ ಏನೇನು ಕರಗಿದೆ ಎಂದು ಯಂತ್ರ ಪಟ್ಟಿ ಕೊಡಬಹುದು. ಅದೆಲ್ಲ ಸೇರಿ ಒಂದು ಜೀವಕ್ಕೆ ಏನು ಮಾಡುತ್ತದೆ ಎಂಬುದನ್ನು ಜೀವವೇ ಹೇಳಬೇಕು. ಈ ಪರೀಕ್ಷೆಯ ಮೇಲೆ ನನಗೆ ಅಷ್ಟು ಗೌರವ.

ನಾವು ಸುಡುವ ಇಂಧನವೂ ಆ ಕಡ್ಡಿಗಳವರೆಗೆ ಮುಟ್ಟುತ್ತದೆ. ಅದರ ಹೊಗೆಯ ಇಂಗಾಲದ ಡೈಆಕ್ಸೈಡ್ ಕಡಲಿನಲ್ಲಿ ಕರಗಿ ನೀರನ್ನು ಆಮ್ಲದತ್ತ ತಳ್ಳುತ್ತದೆ. ಅರ್ಚಿನ್‌ನ ಅಸ್ಥಿ ಮೆಗ್ನೀಸಿಯಂ ಬೆರೆತ ಕ್ಯಾಲ್ಸೈಟ್, ಸಾದಾ ಕ್ಯಾಲ್ಸೈಟ್‌ಗಿಂತ ಬೇಗ ಕರಗುವಂಥದ್ದು. ಕೈಗಾರಿಕಾ ಕ್ರಾಂತಿಯ ನಂತರ ಸಾಗರದ ಮೇಲ್ಪದರದ ಪಿಎಚ್ (ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. 0.1 ಎಂದರೆ ಎಷ್ಟು ಮಹಾ ಎಂದು ಮಕ್ಕಳು ಕೇಳಿದರು. ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಅದು ಕಾಲು ಭಾಗಕ್ಕೂ ಹೆಚ್ಚಿನ ಏರಿಕೆ ಎಂದು ಬೋರ್ಡಿನ ಮೇಲೆ ಲಾಗರಿದಮ್ ಬಿಡಿಸಿ ತೋರಿಸಿದ ಮೇಲೆ ಯಾರೂ ಮಾತಾಡಲಿಲ್ಲ.

ಧಾರವಾಡಕ್ಕೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಶಾಲ್ಮಲೆಯನ್ನು ತೋರಿಸುತ್ತೇನೆ. ಸೋಮೇಶ್ವರ ಗುಡಿಯ ಬಳಿ ಹುಟ್ಟಿ, ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುವ ನೀರು ಅದು. ಇಲ್ಲಿನ ಉಳವಿ ಬಸಪ್ಪನ ಗುಡಿಯ ಪಶ್ಚಿಮಕ್ಕೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಪೂರ್ವಕ್ಕೆ ಬಿದ್ದದ್ದು ಬಂಗಾಳ ಕೊಲ್ಲಿಗೆ ಎಂದು ಊರಿನವರು ಹೇಳುವುದನ್ನು ಆ ಹುಡುಗಿಯೂ ಕೇಳಿದ್ದಾಳೆ. ನಾವು ಚರಂಡಿಗೆ ಬಿಡುವುದೆಲ್ಲ ಈ ಎರಡರಲ್ಲೊಂದು ದಾರಿ ಹಿಡಿಯಲೇಬೇಕು.

“ಹಾಗಾದರೆ ಗಂಗಾವಳಿಯ ಬಾಯಲ್ಲಿ ಅರ್ಚಿನ್ ಹಿಡಿದು ನೋಡಿದರಾಯಿತಲ್ಲ, ಮೇಡಂ?” ಎಂದಳು. ಸಿಹಿನೀರಿನಲ್ಲಿ ಬದುಕುವ ಕಂಟಕಚರ್ಮಿ ಒಂದೂ ಇಲ್ಲ. ಅದರಲ್ಲೂ ಈ ಆಷಾಢದಲ್ಲಿ ನದಿಯ ಬಾಯಲ್ಲಿ ಅವು ಸಿಗುವುದಿಲ್ಲ. ಅಲ್ಲಿನ ನೀರನ್ನು ತಂದು ಡಿಂಭಗಳನ್ನು ಬೆಳೆಸಬಹುದು. ಅದಕ್ಕೂ ಮೊದಲು ಆ ನೀರಿನ ಉಪ್ಪನ್ನು ಕಡಲಿನ ಮಟ್ಟಕ್ಕೆ ತರಬೇಕು, ಇಲ್ಲದಿದ್ದರೆ ವಿಷವೇ ಇರದ ಮಳೆನೀರಿಗೂ ಅವು ಸೊಟ್ಟಗಾಗುತ್ತವೆ. ಇದಿಷ್ಟನ್ನೂ ಅವಳು ರೆಕಾರ್ಡ್ ಪುಸ್ತಕದಲ್ಲಿ ಚಿತ್ರದ ಕೆಳಗೆ ಬರೆದುಕೊಂಡಳು. ಪರೀಕ್ಷೆಗೆ ಬಾರದ ವಿಷಯವೆಂದು ನಾನು ಅಳಿಸಲು ಹೇಳಲಿಲ್ಲ.