ವಿಷಯ ಬಿಟ್ಟ ಪೋಸ್ಟ್‌ಗಳು: ಮೊದಲು ಹಳಬರಿಗೆ ಹೇಳಿ

ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್ ಇದೆ. ಅದನ್ನು ಬಳಸುವವರ ಆನ್‌ಲೈನ್ ಗ್ರೂಪ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬ್ಯಾಕಪ್ ಆಗುತ್ತಿಲ್ಲ, ಬಿಲ್ ಪ್ರಿಂಟ್ ಆಗುತ್ತಿಲ್ಲ ಅಂತ ಜನ ಬರುತ್ತಾರೆ. ಅದರ ಜೊತೆಗೆ ಕೆಲಸ ಖಾಲಿ ಇದೆ, ಹಳೆ ಪ್ರಿಂಟರ್ ಮಾರಾಟಕ್ಕಿದೆ, ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದ ವೀಡಿಯೊ, ಶುಭಾಶಯದ ಚಿತ್ರ, ಎಲ್ಲವೂ ಬರುತ್ತವೆ. ಇವನ್ನೆಲ್ಲ ಡಿಲೀಟ್ ಮಾಡಬೇಕಾ ಬೇಡವಾ ಅಂತ ಈ ಕೆಲಸಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರ ಕಣ್ಣು ಮೊದಲು ಹೊಸಬರ ಮೇಲೆ ಬೀಳುತ್ತದೆ. ಹೊಸಬರು ತಪ್ಪು ಜಾಗದಲ್ಲಿ ಹಾಕಿದ್ದು ಒಂದೇ ಒಂದು ಪೋಸ್ಟ್. ಅದನ್ನು ಯಾರೂ ಮುಟ್ಟದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಮೇಲೆ ಹೋಗಿಬಿಡುತ್ತದೆ. ಗ್ರೂಪಿಗೆ ಜಾಸ್ತಿ ತೊಂದರೆ ಆಗುವುದು ಹಳಬರಿಂದ. ಯಾರೋ ಒಬ್ಬರು ಫೈಲ್ ತೆರೆಯುತ್ತಿಲ್ಲ, ಇವತ್ತೇ ಲೆಕ್ಕ ಒಪ್ಪಿಸಬೇಕು ಅಂತ ಗಾಬರಿಯಲ್ಲಿ ಕೇಳಿರುತ್ತಾರೆ, ಅದಕ್ಕೆ ಒಬ್ಬ ಹಳಬರು ನನ್ನ ಫೋನಲ್ಲೂ ಹೀಗೇ ಆಗಿತ್ತು ಅನ್ನುತ್ತಾರೆ, ಇನ್ನೊಬ್ಬರು ಯಾವ ಫೋನ್ ಅನ್ನುತ್ತಾರೆ, ಅಲ್ಲಿಂದ ಮಾತು ಫೋನಿನ ಕ್ಯಾಮೆರಾಗೆ ಹೋಗುತ್ತದೆ, ಕೇಳಿದವರ ಪ್ರಶ್ನೆ ಎಲ್ಲೋ ಮೇಲೆ ಉಳಿಯುತ್ತದೆ. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಕೇಳಿದವರು ಇನ್ನೊಮ್ಮೆ ಕೇಳುವುದಿಲ್ಲ, ಸುಮ್ನೆ ಗ್ರೂಪ್ ಬಿಟ್ಟು ಹೋಗುತ್ತಾರೆ.

ಹಳಬರಿಗೆ ಹೇಳುವುದು ಕಷ್ಟ, ನಿಜ. ಗ್ರೂಪಿನಲ್ಲಿ ಜಾಸ್ತಿ ಉತ್ತರ ಕೊಡುವವರೂ ಅವರೇ ಅಲ್ವಾ? ಅವರು ಮುನಿಸಿಕೊಂಡರೆ ನಷ್ಟ. ಅದಕ್ಕೇ ಮೊದಲ ಮಾತು ಹಗುರವಾಗಿರಬೇಕು, ಆದರೆ ಎಲ್ಲರ ಮುಂದೆಯೇ ಇರಬೇಕು: ‘ಸರ್, ಕೇಳಿದವರಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಫೋನಿನ ಮಾತನ್ನು ಹರಟೆ ಟಾಪಿಕ್‌ನಲ್ಲಿ ಮುಂದುವರಿಸೋಣವಾ?’ ಇಷ್ಟೇ ಸಾಕು. ಹರಟೆ ಟಾಪಿಕ್ ಅಂದರೆ ವಿಷಯ ಬಿಟ್ಟ ಮಾತಿಗೆ ಅಂತಲೇ ಇಟ್ಟ ಬೇರೆ ಜಾಗ. ಎರಡನೇ ಸಲ ಆದರೆ ಖಾಸಗಿಯಾಗಿ ಮೆಸೇಜ್ ಹಾಕುತ್ತೇನೆ. ಆಮೇಲೂ ನಡೆದರೆ ಒಂದು ದಿನ ಮ್ಯೂಟ್, ಅಂದರೆ ಆ ದಿನ ಅವರು ಬರೆಯುವ ಹಾಗಿಲ್ಲ, ಎಷ್ಟೇ ದೊಡ್ಡವರಾದರೂ. ಎಲಿನಾರ್ ಆಸ್ಟ್ರಮ್ ಎಂಬ ವಿದ್ವಾಂಸೆ ಊರಿನ ಕಾಡು, ಹುಲ್ಲುಗಾವಲು, ನೀರಾವರಿ ಕಾಲುವೆಗಳನ್ನು ಜನ ತಾವೇ ಹೇಗೆ ಹಂಚಿಕೊಂಡು ಉಳಿಸಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿದ್ದರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹುಕಾಲ ಉಳಿದುಕೊಂಡ ಇಂಥ ವ್ಯವಸ್ಥೆಗಳಲ್ಲಿ ಅವರು ಕಂಡ ಒಂದು ಗುಣ ಇದೇ: ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮತ್ತೆ ಮಾಡಿದರೆ ಹೆಚ್ಚು. ನಮ್ಮ ಗ್ರೂಪಿನ ಜನರ ಗಮನವೂ ಹಾಗೇ ಎಲ್ಲರೂ ಹಂಚಿಕೊಳ್ಳುವ ವಸ್ತು.

ಹೊಸಬರ ಮೇಲೆ ದೂರು ಹೇಳುವುದು ಇಂಟರ್‌ನೆಟ್‌ನಷ್ಟೇ ಹಳೆಯದು. 1980ರಲ್ಲಿ ಶುರುವಾದ ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾ ಜಾಲಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಕಾಲೇಜು ವಿದ್ಯಾರ್ಥಿಗಳು ಬರುತ್ತಿದ್ದರು, ಕೆಲವು ವಾರಗಳಲ್ಲಿ ಅಲ್ಲಿನ ರೀತಿ ಕಲಿತುಕೊಳ್ಳುತ್ತಿದ್ದರು. 1994ರಲ್ಲಿ, ಮುಂದಿನ ಸೆಪ್ಟೆಂಬರ್ ಬರುವ ಮೊದಲೇ, ಅಮೆರಿಕ ಆನ್‌ಲೈನ್ ಎಂಬ ಇಂಟರ್‌ನೆಟ್ ಕಂಪನಿ ತನ್ನ ಗ್ರಾಹಕರಿಗೂ ಯೂಸ್‌ನೆಟ್ ತೆರೆದುಕೊಟ್ಟಿತು. ಹೊಸಬರ ಹೊಳೆ ನಿಲ್ಲಲೇ ಇಲ್ಲ. ಅದಕ್ಕೇ 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಅಂತ ಹಳಬರು ಈಗಲೂ ನೆನೆಯುತ್ತಾರೆ. ನಾನು ಈ ಕಥೆಯನ್ನು ಬೇರೆ ಥರ ನೋಡುತ್ತೇನೆ. ಬಂದವರು ಅದೇ ಥರದ ಜನ, ಹೇಳಿಕೊಡುವ ಕೈಗಳು ಸಾಲದೆ ಹೋದವು.

ಹೇಳಿಕೊಟ್ಟರೆ ಕೇಳುತ್ತಾರೆ ಅನ್ನುವುದಕ್ಕೆ ಆಧಾರ ಇದೆ. ನೇಥನ್ ಮಟಿಯಾಸ್ ಎಂಬ ಸಂಶೋಧಕರು ರೆಡಿಟ್ ಎಂಬ ಚರ್ಚಾ ತಾಣದ ದೊಡ್ಡ ವಿಜ್ಞಾನ ಸಮುದಾಯವೊಂದರಲ್ಲಿ ಪ್ರಯೋಗ ಮಾಡಿದರು. ಕೆಲವು ಚರ್ಚೆಗಳ ನೆತ್ತಿಯ ಮೇಲೆ ನಿಯಮಗಳನ್ನು ಪಿನ್ ಮಾಡಿದರು, ಕೆಲವಕ್ಕೆ ಮಾಡಲಿಲ್ಲ. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಿನ್ ಮಾಡಿದ ಕಡೆ ನಿಯಮ ಪಾಲಿಸಿದ ಹೊಸಬರ ಪ್ರಮಾಣ 8 ಶೇಕಡಾವಾರು ಅಂಕಗಳಿಗಿಂತ ಹೆಚ್ಚು ಏರಿತ್ತು. ಹೊಸಬರ ಭಾಗವಹಿಸುವಿಕೆ ಸರಾಸರಿ ಶೇಕಡಾ 70 ಹೆಚ್ಚಿತ್ತು. ನನಗೆ ಮುಖ್ಯವಾಗಿ ಕಾಣುವುದು ಈ ಎರಡನೆಯದು. ನಿಯಮ ತೋರಿಸಿದರೆ ಜನ ಹೆದರಿ ಓಡುತ್ತಾರೆ ಅಂತ ಮೀಟಿಂಗ್‌ಗಳಲ್ಲಿ ಯಾವಾಗಲೂ ವಾದ ಬರುತ್ತದೆ. ಆದರೆ ಏನು ಮಾಡಬಹುದು ಅಂತ ಗೊತ್ತಾದಾಗಲೇ ಜನಕ್ಕೆ ಮಾತಾಡೋಕೆ ಧೈರ್ಯ ಬರುವುದು.

ರೆಡಿಟ್‌ನಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, ಪೋಸ್ಟ್ ತೆಗೆದಾಗ ಕಾರಣ ತಿಳಿಸಿದರೆ ಬರೆದವರ ಮುಂದಿನ ಪೋಸ್ಟ್‌ಗಳು ತೆಗೆಸಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತದೆ ಅಂತ ಕಂಡುಬಂತು. ಹಾಗಾಗಿ ನಮ್ಮ ತಂಡದಲ್ಲಿ ಮಾತಿಲ್ಲದೆ ಅಳಿಸುವ ಹಾಗಿಲ್ಲ. ಡಿಸ್ಕೋರ್ಸ್‌ನಂಥ ಚರ್ಚಾ ವೇದಿಕೆಯ ಸಾಫ್ಟ್‌ವೇರ್‌ನಲ್ಲಿ ಪೋಸ್ಟನ್ನು ಎತ್ತಿ ಬೇರೆ ಜಾಗಕ್ಕೆ ಹಾಕಬಹುದು, ಹಾಗೇ ಮಾಡುತ್ತೇವೆ. ವಾಟ್ಸ್‌ಆಪ್‌ನಲ್ಲಿ ಅದು ಆಗುವುದಿಲ್ಲ, ಅಡ್ಮಿನ್ ಅಳಿಸಬಹುದು ಅಷ್ಟೇ. ಅಲ್ಲಿ ಬರೆದವರಿಗೆ ಮೊದಲು ಅವರದೇ ಪೋಸ್ಟ್ ಕಾಪಿ ಮಾಡಿ ಕಳಿಸಿ, ಎಲ್ಲಿ ಹಾಕಬೇಕು ಅಂತ ಹೇಳಿ, ಆಮೇಲೆ ಅಳಿಸಿ. ಉದ್ದ ಬರೆದವರ ಶ್ರಮ ಹಾಳಾಗಬಾರದು. ಒಂದೇ ಜಾಹೀರಾತನ್ನು ಹತ್ತು ಕಡೆ ಹಾಕಿ ಹೋಗುವವರಿಗೆ ಇದ್ಯಾವುದೂ ಬೇಡ, ನೇರ ಬ್ಯಾನ್.

ಒಂದು ಕಡೆ ಮಾತ್ರ ನಾನು ನಿಯಮದ ಮಾತೇ ಎತ್ತುವುದಿಲ್ಲ. ಬಹಳ ಕಾಲ ನೆರವಾದ ಸದಸ್ಯರು ತೀರಿಕೊಂಡರೆ ಗ್ರೂಪ್ ತುಂಬ ಸಂತಾಪದ ಮಾತೇ ಇರುತ್ತದೆ. ಲೆಕ್ಕದ ಸಾಫ್ಟ್‌ವೇರ್‌ಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಅದನ್ನು ಹರಟೆ ಟಾಪಿಕ್‌ಗೆ ಕಳಿಸಬಾರದು, ಯಾರಾದರೂ ಕಳಿಸಿ ಅಂದರೂ ಬೇಡ. ಆ ದಿನ ನಾವು ಪ್ರಶ್ನೆಗಳ ಮೇಲೆ ಕಣ್ಣಿಟ್ಟಿರುತ್ತೇವೆ. ಉತ್ತರ ಸಿಗದೆ ಮೇಲೆ ಹೋದವಕ್ಕೆ ತಂಡದವರೇ ನೇರವಾಗಿ, ಖಾಸಗಿಯಾಗಿ ಉತ್ತರ ಕೊಟ್ಟುಬಿಡುತ್ತೇವೆ.