ಸೋಮೇಶ್ವರದಲ್ಲಿ ಅಳೆದ ಗಾಳಿ, ಆಗುಂಬೆ ಘಾಟಿಯಲ್ಲಿ ಸಿಕ್ಕ ಮೋಡ

16 ಜೂನ್ 2024, ಭಾನುವಾರ
ಹೆಬ್ರಿ

ಇವತ್ತು ಘಾಟಿಯ ಕೆಳಗೆ ನಿಂತು, ಮೋಡ ಎಷ್ಟು ಎತ್ತರದಿಂದ ಶುರುವಾಗುತ್ತದೆ ಅಂತ ಲೆಕ್ಕ ಹಾಕಿದೆವು. ಆಮೇಲೆ ಘಾಟಿ ಹತ್ತಿ, ಲೆಕ್ಕ ಸರಿಯಾ ಅಂತ ಕಣ್ಣಾರೆ ನೋಡಿಕೊಂಡು ಬಂದೆವು. ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಆ ಖುಷಿ ಆರುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಜೊತೆಗೆ ಬಂದವನು ಅಕ್ಕನ ಮಗ. ಪಿಯುಸಿ ಎರಡನೇ ವರ್ಷ, ವಿಜ್ಞಾನ. ನಿನ್ನೆ ಊಟಕ್ಕೆ ಕೂತಾಗ ಅವನೇ ಕೇಳಿದ್ದು: "ಮಾವ, ಬೆಳಿಗ್ಗೆ ಮೊಬೈಲಲ್ಲಿ ಹ್ಯುಮಿಡಿಟಿ 95 ಅಂತ ಇತ್ತು. ಈಗ 75 ಅಂತಿದೆ. ಅಷ್ಟು ನೀರು ಎಲ್ಲಿಗೆ ಹೋಯ್ತು?"

ಎಲ್ಲಿಗೂ ಹೋಗಿಲ್ಲ. ಗಾಳಿಯಲ್ಲಿದ್ದ ನೀರು ಅಷ್ಟೇ ಇದೆ, ಬಿಸಿ ಮಾತ್ರ ಏರಿದೆ. ಬೆಳಿಗ್ಗೆ 24 ಡಿಗ್ರಿ ಇತ್ತು, ಮಧ್ಯಾಹ್ನ 28. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಇರಬಹುದಾದ ನೀರಾವಿ ಜಾಸ್ತಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಜಾಗ ತಗೊಳ್ಳಿ. 10 ಡಿಗ್ರಿಯಲ್ಲಿ ಅಲ್ಲಿ ಹೆಚ್ಚೆಂದರೆ 9 ಗ್ರಾಂ ಆವಿ ಇರಬಹುದು. 20ರಲ್ಲಿ 17 ಗ್ರಾಂ, 30ರಲ್ಲಿ 30 ಗ್ರಾಂ. ಆ ಗರಿಷ್ಠದಲ್ಲಿ ಎಷ್ಟು ಪಾಲು ತುಂಬಿದೆ ಅನ್ನುವುದೇ ಮೊಬೈಲು ತೋರಿಸುವ ಹ್ಯುಮಿಡಿಟಿ, ಅಂದರೆ ಆರ್ದ್ರತೆಯ ಶೇಕಡಾ ಲೆಕ್ಕ. 24 ಡಿಗ್ರಿಯಲ್ಲಿ ಶೇ 95 ಇದ್ದ ಗಾಳಿಯನ್ನು 28ಕ್ಕೆ ಬಿಸಿ ಮಾಡಿದರೆ, ಒಂದು ಹನಿ ಕಳೆಯದೆಯೂ ಅದು ಶೇ 75ಕ್ಕೆ ಇಳಿಯುತ್ತದೆ.

ಅದಕ್ಕೇ ನನಗೆ ಈ ಶೇಕಡಾ ಅಂಕಿ ಒಂದೇ ಸಾಕು ಅನ್ನಿಸುವುದಿಲ್ಲ. ಟಿವಿಯಲ್ಲಿ, ಪೇಪರಿನಲ್ಲಿ ಆರ್ದ್ರತೆ ಇಷ್ಟು ಅಂತ ಹೇಳಿ ಸುಮ್ಮನಾಗುತ್ತಾರೆ. ಇಬ್ಬನಿ ಬಿಂದು ಎಷ್ಟು ಅಂತಲೂ ಹೇಳಬೇಕು. ಗಾಳಿಯನ್ನು ಎಷ್ಟು ಡಿಗ್ರಿಗೆ ತಣ್ಣಗೆ ಮಾಡಿದರೆ ಅದರಲ್ಲಿರುವ ಆವಿ ನೀರಾಗಲು ಶುರುವಾಗುತ್ತದೋ, ಆ ಡಿಗ್ರಿಯೇ ಇಬ್ಬನಿ ಬಿಂದು. ಬಿಸಿಲು ಏರಿದರೂ ಇಳಿದರೂ, ಗಾಳಿಯಲ್ಲಿರುವ ನೀರು ಬದಲಾಗದಿದ್ದರೆ ಅದೂ ಬದಲಾಗುವುದಿಲ್ಲ. ಬೆವರು ಆರುತ್ತದಾ, ರಾತ್ರಿ ಇಬ್ಬನಿ ಬೀಳುತ್ತದಾ, ಮೋಡ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ, ಈ ಮೂರನ್ನೂ ಅಂದಾಜು ಮಾಡಲು ಈ ಒಂದು ಅಂಕಿ ದೊಡ್ಡ ಸಹಾಯ.

ಇದನ್ನು ಮನೆಯಲ್ಲೇ ಅಳೆಯಬಹುದು. ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಹುಡುಗನ ಕೈಯಲ್ಲೇ ಮಾಡಿಸಿದೆ. ಫಳಫಳ ಒರೆಸಿದ ಸ್ಟೀಲ್ ಲೋಟದಲ್ಲಿ ಅರ್ಧ ನೀರು, ಅದರೊಳಗೆ ಒಂದು ಥರ್ಮಾಮೀಟರ್. ಐಸನ್ನು ಚೂರುಚೂರಾಗಿ ಹಾಕುತ್ತಾ ನಿಧಾನವಾಗಿ ಕಲಕಬೇಕು. ಲೋಟದ ಹೊರಮೈ ಹೊಳಪು ಕಳೆದುಕೊಂಡು ಮಂಕಾಗುವ ಕ್ಷಣವೇ ಮುಖ್ಯ. ಬೆರಳಲ್ಲಿ ಗೀರಿದರೆ ಗೆರೆ ಮೂಡಬೇಕು. ನಮ್ಮದು 25 ಡಿಗ್ರಿಯ ಹತ್ತಿರವೇ ಮಂಕಾಯಿತು. ಐಸು ಇನ್ನೂ ಉಳಿದಿತ್ತು! ಮಳೆಗಾಲದ ಕರಾವಳಿ ಗಾಳಿಯಲ್ಲಿ ನೀರು ಎಷ್ಟು ತುಂಬಿರುತ್ತದೆ ಅಂತ ಅವನಿಗೆ ಆಗ ಗೊತ್ತಾಯಿತು. 1820ರಲ್ಲಿ ಇಂಗ್ಲೆಂಡಿನ ಜಾನ್ ಫ್ರೆಡೆರಿಕ್ ಡೇನಿಯಲ್ ಮಾಡಿದ ಉಪಕರಣವೂ ಇದೇ ದಾರಿಯದ್ದು: ಒಂದು ಮೈಯನ್ನು ತಣ್ಣಗೆ ಮಾಡು, ಪಸೆ ಕೂತ ಕೂಡಲೇ ಡಿಗ್ರಿ ಓದು.

ಅದಕ್ಕೂ ಮುಂಚೆ, 1783ರಲ್ಲಿ, ಜಿನೀವಾದ ಸೊಸ್ಯೂರ್ ಮನುಷ್ಯನ ತಲೆಕೂದಲಿನಿಂದ ಆರ್ದ್ರತೆ ಅಳೆಯುವ ಉಪಕರಣದ ಬಗ್ಗೆ ಬರೆದಿದ್ದ. ಜಿಡ್ಡು ತೆಗೆದ ಕೂದಲು ಒಣ ಗಾಳಿಯಿಂದ ಪೂರ್ತಿ ಒದ್ದೆ ಗಾಳಿಗೆ ಬಂದರೆ ಸುಮಾರು ಶೇ 2ರಷ್ಟು ಉದ್ದವಾಗುತ್ತದೆ. ಆ ಚೂರು ಉದ್ದವನ್ನು ಒಂದು ಮುಳ್ಳಿಗೆ ಕಟ್ಟಿದರೆ ಆಯಿತು. ಹವಾಮಾನ ಕೇಂದ್ರಗಳಲ್ಲಿ ಈ ಕೂದಲಿನ ಉಪಕರಣ ಬಹಳ ಕಾಲ ಕೆಲಸ ಮಾಡಿದೆ.

ನಾನು ಇಟ್ಟುಕೊಂಡಿರುವುದು ಇನ್ನೂ ಸರಳ. ಒಂದು ಮರದ ಪಟ್ಟಿಗೆ ಎರಡು ಥರ್ಮಾಮೀಟರ್ ಕಟ್ಟಿದ್ದೇನೆ. ಒಂದು ಸುಮ್ನೆ ಹಾಗೇ, ಅದು ಡ್ರೈ ಬಲ್ಬ್. ಇನ್ನೊಂದರ ತುದಿಗೆ ಹಳೆ ಪಂಚೆಯ ಮೆತ್ತನೆ ಬಟ್ಟೆ ಸುತ್ತಿ ನೀರಲ್ಲಿ ನೆನೆಸಬೇಕು, ಅದು ವೆಟ್ ಬಲ್ಬ್. ಪಟ್ಟಿಗೆ ಹಿಡಿ ಇದೆ, ಗರಗರ ತಿರುಗಿಸಬೇಕು. ಬಟ್ಟೆಯ ನೀರು ಆರುವಾಗ ಬಿಸಿಯನ್ನು ಹೀರಿಕೊಳ್ಳುತ್ತದೆ, ಅದಕ್ಕೆ ವೆಟ್ ಬಲ್ಬ್ ಕೆಳಗಿಳಿಯುತ್ತದೆ. ಗಾಳಿ ಒಣಗಿದ್ದಷ್ಟೂ ಜಾಸ್ತಿ ಆರುತ್ತದೆ, ಜಾಸ್ತಿ ಇಳಿಯುತ್ತದೆ. ತಿರುಗಿಸದೆ ಇಟ್ಟರೆ ಬಟ್ಟೆಯ ಸುತ್ತ ಅದರದ್ದೇ ಆವಿ ನಿಂತುಬಿಡುತ್ತದೆ, ಅಂಕಿ ಸರಿ ಬರುವುದಿಲ್ಲ. ಬಟ್ಟೆ ಶುಭ್ರವಾಗಿರಬೇಕು, ನೀರು ಡಿಸ್ಟಿಲ್ಡ್ ಆಗಿರಬೇಕು, ನೆರಳಲ್ಲೇ ತಿರುಗಿಸಬೇಕು, ನಿಲ್ಲಿಸಿದ ತಕ್ಷಣ ಮೊದಲು ವೆಟ್ ಬಲ್ಬ್ ಓದಬೇಕು. ಈ ಶಿಸ್ತು ಇದ್ದರೆ ಇದರ ಅಂಕಿಯನ್ನು ನಂಬಬಹುದು.

ನಮ್ಮ ದೇಶದ ಇಂಥ ಉಪಕರಣಗಳ ಮಾತು ಬಂದಾಗ ಅನ್ನಾ ಮಣಿ ಅವರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ವಜ್ರಗಳ ಮೇಲೆ ಕೆಲಸ ಮಾಡಿದರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಬೇಕು ಅಂತ ಹಟ ಹಿಡಿದು, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಅನ್ನುವ ನಿಲುವು ಅವರದ್ದು. ನಾನು ಥರ್ಮಾಮೀಟರ್ ಹಿಡಿಯುವಾಗೆಲ್ಲ ಇದು ನೆನಪಾಗುತ್ತದೆ.

ಸರಿ, ಇವತ್ತಿನ ವಿಷಯಕ್ಕೆ ಬರುತ್ತೇನೆ.

ಮಳೆ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತ್ತು. ಸೋಮೇಶ್ವರದಲ್ಲಿ ರಸ್ತೆ ಪಕ್ಕ ಮರದ ಕೆಳಗೆ ನಿಂತು ಹುಡುಗ ಪಟ್ಟಿ ತಿರುಗಿಸಿದ. ಡ್ರೈ ಬಲ್ಬ್ 28, ವೆಟ್ ಬಲ್ಬ್ 26. ಕೋಷ್ಟಕ ನೋಡಿ ಲೆಕ್ಕ ತೆಗೆದರೆ ಆರ್ದ್ರತೆ ಶೇ 85, ಇಬ್ಬನಿ ಬಿಂದು 25.3. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು.

ಈ ಗಾಳಿ ಅರಬ್ಬೀ ಸಮುದ್ರದಿಂದ ಬಂದು ಘಟ್ಟದ ಗೋಡೆಗೆ ಗುದ್ದುತ್ತದೆ. ಮುಂದೆ ದಾರಿಯಿಲ್ಲ, ಮೇಲೇರಲೇಬೇಕು. ಮೇಲೆ ಹೋದಷ್ಟೂ ಸುತ್ತಲಿನ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದರೆ ಬುಸ್ ಅಂತ ಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುವುದೂ ಇದರಿಂದಲೇ. ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ ಇಳಿಯುತ್ತದೆ. ಇಬ್ಬನಿ ಬಿಂದುವೂ ಇಳಿಯುತ್ತದೆ, ಆದರೆ ಕಿಲೋಮೀಟರಿಗೆ 2 ಡಿಗ್ರಿಗಿಂತ ಕಡಿಮೆ. ಅಂದರೆ ಎರಡರ ನಡುವಿನ ಅಂತರ ಕಿಲೋಮೀಟರಿಗೆ 8 ಡಿಗ್ರಿಯಂತೆ ಕರಗುತ್ತದೆ. ಒಂದು ಡಿಗ್ರಿ ಅಂತರಕ್ಕೆ 125 ಮೀಟರ್. ಅಂತರ ಸೊನ್ನೆಯಾದ ಜಾಗದಲ್ಲಿ ಮೋಡದ ತಳ.

ನಮ್ಮ ಅಂತರ 2.7 ಡಿಗ್ರಿ. 125ರಿಂದ ಗುಣಿಸಿದರೆ ಸುಮಾರು 340 ಮೀಟರ್. ಸೋಮೇಶ್ವರ ಸಮುದ್ರಮಟ್ಟದಿಂದ 100 ಮೀಟರ್ ಆಸುಪಾಸು. ಹಾಗಾದರೆ ಮೋಡ 440 ಮೀಟರಿನಲ್ಲಿ ಸಿಗಬೇಕು. ಆಗುಂಬೆ ಇರುವುದು 640ರ ಆಸುಪಾಸಿನಲ್ಲಿ. ಘಾಟಿಯ ಮೇಲಿನ ಸುಮಾರು 200 ಮೀಟರ್ ಮೋಡದೊಳಗೆ ಇರಬೇಕು ಅಂತ ಹುಡುಗ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದ.

ನಾನು ಕಾರು ಓಡಿಸುತ್ತಿದ್ದೆ, ಅವನು ಮೊಬೈಲಿನಲ್ಲಿ ಎತ್ತರ ಓದುತ್ತಿದ್ದ. 300. ದಾರಿ ನಿಚ್ಚಳ. 350. ಕೆಳಗಿನ ಕಾಡು ಪೂರ್ತಿ ಕಾಣುತ್ತಿದೆ. 400 ದಾಟಿದ ಮೇಲೆ ಒಂದು ತಿರುವಿನಲ್ಲಿ ಬಿಳಿ ಎಳೆಗಳು ರಸ್ತೆಗೆ ಅಡ್ಡ ಬಂದವು. "ಮಾವ, 450!" ಅಂತ ಅವನು ಕೂಗುವಷ್ಟರಲ್ಲಿ ಎದುರಿನ ಬಸ್ಸಿನ ಲೈಟು ಮಾತ್ರ ಕಾಣುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಮೊದಲ ಎಳೆಗಳು ಲೆಕ್ಕಕ್ಕಿಂತ ಕೆಳಗೇ ಸಿಕ್ಕಿದ್ದಕ್ಕೂ ಕಾರಣ ಇದೆ. ಒದ್ದೆ ಕಾಡು, ಒದ್ದೆ ಬಂಡೆಗಳಿಂದ ಆರಿದ ನೀರು ಅಲ್ಲಿನ ಗಾಳಿಗೆ ಇನ್ನಷ್ಟು ಆವಿ ಸೇರಿಸಿರುತ್ತದೆ. ಮೊಬೈಲಿನ ಎತ್ತರದಲ್ಲೂ ಹತ್ತಿಪ್ಪತ್ತು ಮೀಟರ್ ಆಚೀಚೆ ಇರುತ್ತದೆ.

ಆಗುಂಬೆಯಲ್ಲಿ ಇಳಿದು ಮತ್ತೆ ಪಟ್ಟಿ ತಿರುಗಿಸಿದೆವು. ಎರಡೂ ಥರ್ಮಾಮೀಟರ್ 23.5. ಬಟ್ಟೆಯಿಂದ ಒಂದು ಹನಿಯೂ ಆರುತ್ತಿಲ್ಲ, ಗಾಳಿ ಪೂರ್ತಿ ತುಂಬಿದೆ. ಇಲ್ಲೊಂದು ಸ್ವಾರಸ್ಯ ಇದೆ. ಕಿಲೋಮೀಟರಿಗೆ 10 ಡಿಗ್ರಿಯಂತೆಯೇ ಕೊನೆವರೆಗೂ ತಣ್ಣಗಾಗಿದ್ದರೆ ಅಲ್ಲಿ 22.6 ಇರಬೇಕಿತ್ತು. ಆದರೆ ಆವಿ ನೀರಾಗುವಾಗ, ಆರುವಾಗ ಹೀರಿಕೊಂಡ ಬಿಸಿಯನ್ನೆಲ್ಲ ವಾಪಸ್ ಕೊಡುತ್ತದೆ, ಒಂದು ಗ್ರಾಮಿಗೆ ಸುಮಾರು 2400 ಜೂಲ್. ಹಾಗಾಗಿ ಮೋಡದೊಳಗೆ ಗಾಳಿ ನಿಧಾನವಾಗಿ ತಣ್ಣಗಾಗುತ್ತದೆ, ಇನ್ನೂ ಮೇಲೇರುವ ಶಕ್ತಿ ಉಳಿಸಿಕೊಳ್ಳುತ್ತದೆ. ಗುಡುಗಿನ ಮೋಡಗಳು ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆಯುವುದು ಈ ಬಿಸಿಯ ಬಲದಿಂದ. ಅರಬ್ಬೀ ಸಮುದ್ರದ ಮೇಲೆ ಬಿದ್ದ ಬಿಸಿಲು ಆಗುಂಬೆಯ ಮೋಡದಲ್ಲಿ ಹೊರಬರುತ್ತದೆ ಅಂದುಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಹುಡುಗ ಅಲ್ಲೇ ಇನ್ನೊಂದು ಕೇಳಿದ: "ಶೇ 100 ಆದ ಕೂಡಲೇ ತಾನಾಗೇ ಹನಿ ಆಗುತ್ತದಾ?" ಒಳ್ಳೆಯ ಪ್ರಶ್ನೆ. ಆಗುವುದಿಲ್ಲ, ಕೂರಲು ಏನಾದರೂ ಬೇಕು. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಎರಡು ಗಾಜಿನ ಪಾತ್ರೆಗಳಿಗೆ ಹಬೆ ಬಿಟ್ಟು ನೋಡಿದ. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಮೊದಲನೆಯದರಲ್ಲಿ ದಟ್ಟ ಮಂಜು, ಎರಡನೆಯದು ತಿಳಿಯಾಗಿಯೇ ಇತ್ತು. ಆಮೇಲೆ ಸ್ಕಾಟ್ಲೆಂಡಿನವನೇ ಆದ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1894ರಲ್ಲಿ ಅಲ್ಲಿನ ಬೆನ್ ನೆವಿಸ್ ಬೆಟ್ಟದ ಮೇಲೆ ಮೋಡಗಳನ್ನು ನೋಡಿ ಮನಸೋತು, ಲ್ಯಾಬಿನಲ್ಲಿ ಮೋಡ ಮಾಡಲು ಹೊರಟ. ಧೂಳಿಲ್ಲದ ಗಾಳಿಯಲ್ಲಿ ಹನಿ ಕಟ್ಟಲು ಮಾಮೂಲಿ ಗರಿಷ್ಠದ ಹಲವು ಪಟ್ಟು ಆವಿ ಬೇಕು ಅಂತ ಕಂಡುಕೊಂಡ. ಮೋಡ ಮಾಡಲು ಅವನು ಕಟ್ಟಿದ ಉಪಕರಣವೇ ಮುಂದೆ ಪರಮಾಣುವಿನ ಕಣಗಳ ಜಾಡು ತೋರಿಸಿ ಅವನಿಗೆ 1927ರ ನೊಬೆಲ್ ತಂದುಕೊಟ್ಟಿತು. ಮೋಡದ ಮೇಲಿನ ಪ್ರೀತಿ ಎಲ್ಲಿಂದ ಎಲ್ಲಿಗೆ ಕರೆದೊಯ್ದಿತು ನೋಡಿ.

ನಮ್ಮ ಘಾಟಿಗೆ ಕಣಗಳಿಗೇನೂ ಬರವಿಲ್ಲ. ಅಲೆ ಒಡೆದಾಗ ಹಾರುವ ಉಪ್ಪಿನ ಚೂರುಗಳು ಗಾಳಿಯ ಜೊತೆಗೇ ಬರುತ್ತವೆ. ಹಾಗಾಗಿ ಶೇ 100 ಮೀರಿ ಶೇ 1ರಷ್ಟೂ ಹೋಗಬೇಕಿಲ್ಲ, ಹನಿ ಕಟ್ಟುತ್ತದೆ.

ಮನೆಗೆ ಬಂದು ಇದನ್ನೂ ಮಾಡಿಸಿದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದೆರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ, ಮುಚ್ಚಳ ಬಿಗಿದು, ಗಟ್ಟಿಯಾಗಿ ಹಿಂಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಬೆಂಕಿಕಡ್ಡಿ ಗೀರಿ ಆರಿಸಿ, ಅದರ ಹೊಗೆ ಚೂರು ಒಳಗೆ ಎಳೆದುಕೊಂಡು ಮತ್ತೆ ಹಿಂಡಿ ಬಿಟ್ಟ. ಬಾಟಲಿ ತುಂಬ ಬಿಳಿ ಮೋಡ. ಹಿಂಡಿದರೆ ಮಾಯ, ಬಿಟ್ಟರೆ ಹಾಜರ್. ಅಕ್ಕನೂ ಬಂದು ಹಿಂಡಿ ಹಿಂಡಿ ನೋಡಿದಳು.

ಮೋಡ ಕಟ್ಟಿದ ಮಾತ್ರಕ್ಕೆ ಮಳೆ ಅಲ್ಲ. ಮೋಡದ ಹನಿಯ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅಂಥ ಹತ್ತು ಲಕ್ಷ ಹನಿ ಸೇರಿದರೆ 2 ಮಿ.ಮೀ.ನ ಒಂದು ಮಳೆ ಹನಿ. ದಪ್ಪ ಹನಿಗಳು ಬೀಳುತ್ತಾ ಸಣ್ಣವನ್ನು ಬಾಚಿಕೊಂಡು ಬೆಳೆಯುತ್ತವೆ. ಇದನ್ನೆಲ್ಲ ಹತ್ತಿರದಿಂದ ಅಳೆಯಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2012ರಿಂದ ಮಹಾಬಲೇಶ್ವರದಲ್ಲಿ ಲ್ಯಾಬ್ ನಡೆಸುತ್ತಿದೆ. ನಮ್ಮದೇ ಸಹ್ಯಾದ್ರಿ, ಮಳೆಗಾಲದಲ್ಲಿ ಮೋಡವೇ ಕಟ್ಟಡಕ್ಕೆ ಬಂದು ತಾಗುತ್ತದೆ. ಬೇರೆ ಕಡೆ ಮೋಡ ಅಳೆಯಲು ವಿಮಾನವೋ ಬಲೂನೋ ಬೇಕು. ಮಂಗಳೂರು, ಬೆಂಗಳೂರಿನಿಂದ ಹವಾಮಾನ ಇಲಾಖೆ ಹಾರಿಸುವ ಬಲೂನುಗಳು ಹೊತ್ತೊಯ್ಯುವ ಪುಟ್ಟ ಪೆಟ್ಟಿಗೆ, ಮೇಲೇರುತ್ತಾ ಒತ್ತಡ, ಬಿಸಿ, ಆರ್ದ್ರತೆ ಮೂರನ್ನೂ ರೇಡಿಯೋದಲ್ಲಿ ಕಳಿಸುತ್ತದೆ.

ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ಅಲ್ಲಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ 200 ಕಿಲೋಮೀಟರೂ ಆಗುವುದಿಲ್ಲ, ಅಲ್ಲಿ ಮಳೆ ಇದರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಘಟ್ಟದಲ್ಲಿ ನೀರು ಸುರಿಸಿಕೊಂಡ ಗಾಳಿ ಆ ಕಡೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ, ಬಿಸಿಗೂ ಇಬ್ಬನಿ ಬಿಂದುವಿಗೂ ನಡುವಿನ ಅಂತರ ದೊಡ್ಡದಾಗುತ್ತದೆ. ಬೇಸಿಗೆಯಲ್ಲಿ ಬಯಲುಸೀಮೆಯ ಒಂದು ಮಧ್ಯಾಹ್ನ 38 ಡಿಗ್ರಿ, ಇಬ್ಬನಿ ಬಿಂದು 14 ಅಂತಿಟ್ಟುಕೊಳ್ಳಿ. ಅಂತರ 24, ಮೋಡದ ತಳ 3000 ಮೀಟರ್ ಮೇಲೆ. ಅಲ್ಲಿಂದ ಹೊರಟ ಹನಿ ಅಷ್ಟು ದೂರದ ಒಣ ಗಾಳಿ ದಾಟಿ ನೆಲ ಮುಟ್ಟಬೇಕು. ಎಷ್ಟೋ ಸಲ ಮೋಡದ ಕೆಳಗೆ ಬೂದು ಜಾಲರಿ ಇಳಿಬಿದ್ದದ್ದು ಕಾಣುತ್ತದೆ, ನೆಲಕ್ಕೆ ಒಂದು ಹನಿಯೂ ಇಲ್ಲ. ನಡುವೆಯೇ ಆರಿಹೋಗಿರುತ್ತದೆ.

2017ರಲ್ಲಿ ಸರ್ಕಾರ ವರ್ಷಧಾರೆ ಅಂತ ಮೋಡ ಬಿತ್ತನೆ ಮಾಡಿಸಿದ್ದೂ ಇಂಥ ಬರದ ದಿನಗಳಲ್ಲೇ. ವಿಮಾನ ಕೊಡುವುದು ಕಣಗಳನ್ನು. ನೀರು ಗಾಳಿಯಲ್ಲಿ ಮೊದಲೇ ಇರಬೇಕು, ಮೋಡ ಮೊದಲೇ ಕಟ್ಟಿರಬೇಕು. ಬರ ಬಂದಾಗ ಆಕಾಶ ನೋಡಿ ಸಂಕಟಪಡುವ ರೈತರಿಗೆ ಈ ಮಾತನ್ನು ಯಾರಾದರೂ ನೇರವಾಗಿ, ಮುಂಚೆಯೇ ಹೇಳಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಹುಡುಗ ಜುಲೈನಲ್ಲಿ ಹುಲಿಕಲ್ ಘಾಟಿಯಲ್ಲೂ ಇದೇ ಅಳತೆ ಮಾಡೋಣ ಅಂತಿದ್ದಾನೆ. ಹೊಸಂಗಡಿಯಲ್ಲಿ ಒಮ್ಮೆ, ಮೇಲೆ ಒಮ್ಮೆ. ವೆಟ್ ಬಲ್ಬಿಗೆ ಹೊಸ ಬಟ್ಟೆ ಕತ್ತರಿಸಿ, ನೀರಲ್ಲಿ ಕುದಿಸಿ ಒಣಗಿಸಿಟ್ಟಿದ್ದೇವೆ.