ಬಾಳೆಗೊನೆಯ ನಾಣ್ಯ

ಕಾಂಗೋ ದೇಶದ ಲುಬುಂಬಾಶಿಯ ಒಂದು ಪುಟ್ಟ ಅಂಗಡಿಯಲ್ಲಿ ಆ ಹಿರಿಯರು ನನ್ನ ಅಂಗೈ ಮೇಲೆ ಒಂದು ನಾಣ್ಯ ಇಟ್ಟರು. ಒಂದು ಕಡೆ ಬಾಳೆಗೊನೆ. ಇನ್ನೊಂದು ಕಡೆ ಗುಣಾಕಾರದ ಗುರುತಿನಂಥ ಶಿಲುಬೆ. ಇಸವಿ 1961. ಹೆಸರು ಕಟಾಂಗಾ.

ಕೊಲ್ವೆಜಿಯ ತಾಮ್ರದ ಗಣಿಯಲ್ಲಿ ನಾನು ಎಂಜಿನಿಯರ್. ಕಾಗದಪತ್ರದ ಕೆಲಸಕ್ಕೆ ಅಂತ ಮುನ್ನೂರು ಕಿಲೋಮೀಟರ್ ದೂರದ ಈ ಊರಿಗೆ ಬಂದಿದ್ದೆ. ಡಿಸೆಂಬರ್ ತಿಂಗಳು, ಅಲ್ಲಿಗೆ ಅದು ಮಳೆಗಾಲ. ಕೆಲಸ ಬೇಗ ಮುಗಿಯಿತು. ಅಮ್ಮನಿಗೆ ಮಲಾಕೈಟ್ ಸರ ಕೊಳ್ಳೋಣ ಅಂತ ಹೋದೆ. ತಾಮ್ರದ ಅದಿರು ಇರುವಲ್ಲೇ ಸಿಗುವ ಹಸಿರು ಕಲ್ಲು ಅದು. ಹಿರಿಯರ ಸ್ವಾಹಿಲಿಯನ್ನು ನನಗೆ ಇಂಗ್ಲಿಷಿನಲ್ಲಿ ಹೇಳಲು ಡ್ರೈವರ್ ಕೂಡ ಒಳಗೆ ಬಂದರು.

"ಇಂಡಿಯಾದವನಾ?" ಎಂದು ಕೇಳಿದ ಮೇಲೆಯೇ ಅವರು ಡ್ರಾಯರ್‌ನಿಂದ ಆ ನಾಣ್ಯ ತೆಗೆದದ್ದು. ಆ ಶಿಲುಬೆ ಕ್ರೈಸ್ತರದ್ದಲ್ಲವಂತೆ. ಬಿಳಿಯರು ಬರುವ ಮೊದಲೇ ಇಲ್ಲಿಯವರು ಹುತ್ತದ ಮಣ್ಣಿನ ಕುಲುಮೆಯಲ್ಲಿ ತಾಮ್ರ ಕರಗಿಸಿ, ಆ ಆಕಾರದಲ್ಲಿ ಎರಕ ಹೊಯ್ದು, ಹಣವಾಗಿ ಬಳಸುತ್ತಿದ್ದರು. ಕಟಾಂಗಾದ ಬಾವುಟದಲ್ಲೂ ಅಂಥ ಮೂರು ಶಿಲುಬೆ ಇದ್ದವು.

ಕಾಂಗೋಗೆ ಸ್ವಾತಂತ್ರ್ಯ ಬಂದದ್ದು 1960ರ ಜೂನ್ 30ಕ್ಕೆ. ಹನ್ನೊಂದೇ ದಿನಕ್ಕೆ, ಜುಲೈ 11ಕ್ಕೆ, ಅದರ ಪ್ರಾಂತ್ಯವಾಗಿದ್ದ ಕಟಾಂಗಾ ಬೇರೆ ದೇಶ ಎಂದು ಅಲ್ಲಿನ ನಾಯಕ ಮೊಯಿಸ್ ಚೋಂಬೆ ಸಾರಿದರು. ಬೆನ್ನ ಹಿಂದೆ ಬೆಲ್ಜಿಯಂನ ಗಣಿ ಕಂಪನಿ, ಬೆಲ್ಜಿಯಂನ ಅಧಿಕಾರಿಗಳು. ಕಾಂಗೋದ ಪ್ರಧಾನಿಯಾಗಿದ್ದ ಲುಮುಂಬಾ ಅವರನ್ನು 1961ರ ಜನವರಿಯಲ್ಲಿ ಕೊಂದದ್ದು ಇದೇ ಊರಿನ ಹೊರಗೆ. ಊರಿನ ಹೆಸರು ಆಗ ಎಲಿಜಬೆತ್‌ವಿಲ್. 1963ರ ಜನವರಿಯಲ್ಲಿ ಆ ದೇಶವೇ ಮುಗಿಯಿತು.

ನನಗೆ ಗೊತ್ತಿದ್ದದ್ದು ಒಂದೇ ಹೆಸರು. ವಿಶ್ವಸಂಸ್ಥೆಯ ಸೇನೆಯಲ್ಲಿ ಬಂದು, 1961ರ ಡಿಸೆಂಬರ್ 5ರಂದು ಇಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ. ಇಪ್ಪತ್ತಾರು ವರ್ಷದ ಹುಡುಗ. ಪರಮವೀರ ಚಕ್ರ ಪಡೆದವರು. ಆ ಹೆಸರು ಹೇಳಿದೆ. ಹಿರಿಯರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ನೆನಪಿದ್ದದ್ದು ಅದೇ ವರ್ಷದ ಸೆಪ್ಟೆಂಬರ್. ಪೋಸ್ಟ್ ಆಫೀಸಿಗಾಗಿ ನಮ್ಮ ಸೈನಿಕರು ಕಾದಾಡಿದ ದಿನ. ಆಗ ಅವರಿಗೆ ಹನ್ನೆರಡು ವರ್ಷ. ಅಣ್ಣ ಕಟಾಂಗಾ ಪಡೆಯಲ್ಲಿದ್ದ. ಆ ದಿನ ಮನೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಶಾಲೆಯಲ್ಲಿ ಓದುವಾಗ ಎದುರಿನ ಕಡೆಯೂ ಒಬ್ಬ ಅಣ್ಣ ಇದ್ದಾನು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. "ನನಗೆ ತುಂಬಾ ನೋವಾಯಿತು" ಎಂದೆ. ಹಿರಿಯರು ನನ್ನ ಕೈ ತಟ್ಟಿದರು. ಮತ್ತೆ ಏನೋ ಹೇಳತೊಡಗಿದರು, ತುಂಬಾ ಹೊತ್ತು. ಡ್ರೈವರ್ ನನಗೆ ಹೇಳಿದ್ದು ಮಾತ್ರ ಇಷ್ಟೇ: "ಆ ಕಾಲ ಚೆನ್ನಾಗಿತ್ತಂತೆ."

ಸರ ಕೊಂಡು ಹೊರಟೆವು. ಊರಿನ ಹಳೆಯ ಚಿಮಣಿ, ಅದರ ಪಕ್ಕ ತಾಮ್ರದ ಕಿಟ್ಟದ ಕಪ್ಪು ದಿಬ್ಬ ಹಿಂದೆ ಸರಿದವು. ಆ ದಿಬ್ಬ ಕಂಡಾಗಲೆಲ್ಲ ನನಗೆ ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳೇ ನೆನಪಾಗುತ್ತವೆ. ಇದನ್ನು ಡ್ರೈವರ್‌ಗೆ ಹೇಳಿದೆ. ತಾತ ಚಿತ್ತೂರಿನ ಕಡೆಯಿಂದ ಚಿನ್ನದ ಗಣಿಗೆ ಬಂದವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಪ್ಪ ಕೆಲಸ ಹುಡುಕಿ ಹೋದಲ್ಲೆಲ್ಲ "ನಿಮ್ಮ ಸ್ವಂತ ಊರು ಯಾವುದು?" ಅಂತ ಕೇಳುತ್ತಿದ್ದರು. ಇದೇ ಅಂದರೆ, ಅಲ್ಲ, ಅದಕ್ಕೂ ಮುಂಚೆ ಅನ್ನುತ್ತಿದ್ದರು.

ಡ್ರೈವರ್ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಆ ಅಜ್ಜ ಇನ್ನೊಂದು ಮಾತು ಹೇಳಿದ್ದರು. ಕಸಾಯಿ ಪ್ರಾಂತ್ಯದವರು ನಮ್ಮ ತಾಮ್ರ ತಿಂದರು, ಅವರು ಬರದಿದ್ದರೆ ನಮ್ಮ ದೇಶ ಉಳಿಯುತ್ತಿತ್ತು ಅಂತ. ನಾನು ಕಸಾಯಿಯವನು."

ಅವರ ತಾತನನ್ನು ಕಸಾಯಿಯಿಂದ ಕರೆತಂದದ್ದು ಅದೇ ಗಣಿ ಕಂಪನಿ. ಅಪ್ಪ ಹುಟ್ಟಿದ್ದು ಇದೇ ದಾರಿಯಲ್ಲಿ ಸಿಗುವ ಗಣಿ ಊರು ಲಿಕಾಸಿಯಲ್ಲಿ, ಇವರೂ ಅಲ್ಲೇ. 1992ರಲ್ಲಿ "ನಿಮ್ಮ ಊರಿಗೆ ಹೋಗಿ" ಎಂದು ಜನರ ಗುಂಪು ಮನೆ ಬಾಗಿಲಿಗೆ ಬಂತು. ಆಗ ಇವರಿಗೆ ಹದಿನೇಳು. ಲಿಕಾಸಿ ರೈಲು ನಿಲ್ದಾಣದಲ್ಲಿ ಸಾವಿರಾರು ಜನ. ರೈಲಿಗಾಗಿ ವಾರಗಟ್ಟಲೆ ಅಲ್ಲೇ ಮಲಗಿದರು. ತಂಗಿಗೆ ಭೇದಿ ಹತ್ತಿಕೊಂಡಿತು. ಅವಳ ಬಗ್ಗೆ ಇನ್ನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಒಂದೆರಡು ವರ್ಷದಲ್ಲಿ ಲಕ್ಷಾಂತರ ಜನ ಹೀಗೆ ಕಟಾಂಗಾ ಬಿಟ್ಟು ಹೋದರು. ಅಮ್ಮ ಈಗಲೂ ಕಸಾಯಿಯ ಎಂಬುಜಿ‌ಮಾಯಿಯಲ್ಲಿ ಇದ್ದಾರೆ. "ಮನೆ" ಅಂದರೆ ಮಾತ್ರ ಅವರಿಗೆ ಇಂದಿಗೂ ಲಿಕಾಸಿಯೇ.

"ಮತ್ತೆ ನೀವು ಯಾಕೆ ವಾಪಸ್ ಬಂದಿರಿ?"

"ಕೆಲಸ ಇರುವುದು ಇಲ್ಲೇ ಅಲ್ವಾ."

ಲಿಕಾಸಿ ತಲುಪುವಾಗ ಮಳೆ ಜೋರಾಯಿತು. ರಸ್ತೆಬದಿಯಲ್ಲಿ ಹೆಂಗಸರು ಪ್ಲಾಸ್ಟಿಕ್ ಹಾಳೆ ಹೊದ್ದು ಮಾವಿನಹಣ್ಣು ಮಾರುತ್ತಿದ್ದರು. ಈ ದಾರಿಯಲ್ಲಿ ನಾವಿಬ್ಬರೂ ಎಷ್ಟೋ ಸಲ ಹೋಗಿದ್ದೇವೆ. ಅವರು ಯಾವತ್ತೂ ಊರೊಳಗೆ ತಿರುಗಿದವರಲ್ಲ. ಆ ದಿನ ತಿರುಗಿದರು. ಗಣಿ ಕಾರ್ಮಿಕರಿಗೆ ಕಟ್ಟಿಸಿದ ಇಟ್ಟಿಗೆ ಮನೆಗಳ ಸಾಲು. ನಮ್ಮ ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳ ಹಾಗೆಯೇ, ಗೋಡೆಗೆ ಗೋಡೆ ಅಂಟಿಕೊಂಡಂತೆ. ಒಂದು ಬೀದಿಯ ಕೊನೆಯಲ್ಲಿ ಗಾಡಿ ನಿಧಾನ ಮಾಡಿದರು, ನಿಲ್ಲಿಸಲಿಲ್ಲ. ಯಾರದೋ ಬಟ್ಟೆ ಒಣಹಾಕಿದ್ದು ಮಳೆಗೆ ತೋಯುತ್ತಿತ್ತು.

"ಮರ ಇದೆ," ಎಂದರು. "ಅಪ್ಪ ನೆಟ್ಟದ್ದು."

ಕಿಟಕಿ ಇಳಿಸಿ, ಮಳೆ ಒಳಗೆ ಬಡಿಯುತ್ತಿದ್ದರೂ ಫೋನ್ ಹೊರಗೆ ಚಾಚಿ ಅಮ್ಮನಿಗಾಗಿ ಒಂದು ಫೋಟೋ ತೆಗೆದರು.